ಟವರ್ ಮಲಗಿದಾಗ 11 ಮನೆಗೆ ಸುದ್ದಿ ಮುಟ್ಟಿಸಬೇಕು. ಹಳೇ ಫೋನುಗಳಿಂದ ಆಗುತ್ತಾ?

ಸಂಕದಾಚೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಹೊಸನಗರ ತಾಲ್ಲೂಕು. ನಗರ ಅನ್ನುವ ಊರಿಂದ ಹುಲಿಕಲ್ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ. 11 ಮನೆ. ಮೊದಲ ಮನೆಯಿಂದ ಕೊನೇ ಮನೆಗೆ ತೋಟದ ದಾರಿಯಲ್ಲಿ ಒಂದೂವರೆ ಕಿಲೋಮೀಟರ್. ಮಧ್ಯೆ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ. ನಮ್ಮ ಮನೆ ಸಂಕದ ಆಚೆ. ಪೇಟೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ.

ಆರಿದ್ರಾ ಮಳೆ ಹಿಡಿಯಿತು ಅಂದರೆ ನಮಗೆ ಕರೆಂಟ್ ಇಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಲೈನ್‌ಮನ್ ಬರುವಷ್ಟರಲ್ಲಿ ಇನ್ನೊಂದು ಬೀಳುತ್ತದೆ. ಟವರಿನ ಬ್ಯಾಟರಿ ನಾಲ್ಕೈದು ಗಂಟೆ ಎಳೆಯುತ್ತದೆ, ಆಮೇಲೆ ಅದೂ ಮಲಗುತ್ತದೆ. (ನಮ್ಮ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರಲ್ಲೇ ವಾರಾಹಿಯ ಕರೆಂಟ್ ಆಗುವುದು. ಇರಲಿ, ಅದು ಬೇರೆ ಸಂಕಟ.) ಕಳೆದ ಮಳೆಗಾಲದಲ್ಲಿ ಒಂದು ಸಲ ಮೂರೂವರೆ ದಿನ ಹೀಗಿತ್ತು. ಎರಡನೇ ದಿನ ಅಪ್ಪನ ಬಿ.ಪಿ. ಮಾತ್ರೆ ಮುಗಿಯಿತು. ಹಳ್ಳ ತುಂಬಿತ್ತು, ನಾನು ಹೊರಡಲಿಲ್ಲ. ಸಂಕದ ಈಚೆ ಮನೆಯವರು ಅವತ್ತೇ ಬೆಳಗ್ಗೆ ಜೀಪಿನಲ್ಲಿ ಪೇಟೆಗೆ ಹೋಗಿ ಬಂದಿದ್ದರು. ನಮಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಡುವೆ ಇರುವುದು 300 ಮೀಟರ್.

ಎರಡು ವರ್ಷದ ಹಿಂದೆ ನಾಲ್ಕು ಮನೆಯವರು ದುಡ್ಡು ಹಾಕಿ ವಾಕಿಟಾಕಿ ತಂದಿದ್ದೆವು. ಎರಡೇ ವಾರ ನಡೆಯಿತು. ಚಿಕ್ಕಪ್ಪನ ಮಗನಿಗೆ ಹುಡುಗಿ ನೋಡುವ ಮಾತುಕತೆ ಆಗುತ್ತಿತ್ತು. ಚಿಕ್ಕಮ್ಮ ವಾಕಿಟಾಕಿಯಲ್ಲೇ ನನ್ನ ಹೆಂಡತಿಗೆ, "ತೋಟ ಎಷ್ಟು ಅಂತ ಕೇಳಿದರು ಮಾರಾಯ್ತಿ, ನಾಲ್ಕು ಎಕರೆ ಅಂದುಬಿಟ್ಟೆವು" ಅಂದರು. ಇರುವುದು ಎರಡೂವರೆ. ಸಂಜೆ ಡೇರಿಗೆ ಹಾಲು ಹಾಕಲು ಹೋದರೆ, "ಉಳಿದ ಒಂದೂವರೆ ಎಕರೆ ಯಾವಾಗ ತಗೊಂಡ್ರಿ?" ಅಂತ ಮೂರು ಜನ ಕೇಳಿದರು. ಅವತ್ತು ಅಟ್ಟಕ್ಕೆ ಹೋದ ವಾಕಿಟಾಕಿ ಇನ್ನೂ ಇಳಿದಿಲ್ಲ.

ಈಗ ನನ್ನ ಅಂಗಡಿಯಲ್ಲಿ 14 ಹಳೇ ಫೋನ್ ಬಿದ್ದಿವೆ. ಡಿಸ್‌ಪ್ಲೇ ಒಡೆದದ್ದು, ಸ್ಪೀಕರ್ ಹೋದದ್ದು, ಮಾಲೀಕರು ವಾಪಸ್ ಬರದೇ ಬಿಟ್ಟದ್ದು. ಬೋರ್ಡ್ ಎಲ್ಲದರದ್ದೂ ಚೆನ್ನಾಗಿದೆ. ಸಿಮ್, ಟವರ್, ಇಂಟರ್ನೆಟ್ ಯಾವುದೂ ಬೇಡ, ಫೋನಿನಿಂದ ಫೋನಿಗೆ ಬ್ಲೂಟೂತ್‌ನಲ್ಲೇ ಸುದ್ದಿ ದಾಟಿಸುವ ಆ್ಯಪ್‌ಗಳು ಇವೆ ಅಂತ ಓದಿದೆ. ಒಂದನ್ನು ಪಂಪ್‌ಶೆಡ್ಡಿನಲ್ಲಿ, ಒಂದನ್ನು ಕೊಟ್ಟಿಗೆಯಲ್ಲಿ, ಹೀಗೆ ಸಾಲಾಗಿ ಇಟ್ಟರೆ ನಡೆಯುತ್ತಾ? ನಡೆದರೂ ಒಂದು ಹೆದರಿಕೆ ಇದೆ. ನನ್ನ ಸುದ್ದಿ ಪಕ್ಕದ ಮನೆಯವರ ಫೋನಿನ ಮೇಲೆ ಹಾದುಹೋಗಬೇಕು ಅಲ್ವಾ? ಅವರು ಓದಿದರೆ? ನಮ್ಮೂರಲ್ಲಿ ಗುಟ್ಟು ಮುಚ್ಚಿಡಬೇಕಾದ್ದೇ ಅವರಿಂದ.

ಕೊಪ್ಪದ ಭಟ್ಟ

ನಾನು ಬೆಂಗಳೂರಲ್ಲಿ ಬ್ಲೂಟೂತ್ ಚಿಪ್ಪಿಗೆ ಫರ್ಮ್‌ವೇರ್ ಬರೆಯುವವನು, ಊರು ಕೊಪ್ಪದ ಹತ್ತಿರ. ಚಿಪ್ಪೂ ಗೊತ್ತು, ನಿಮ್ಮ ಮಳೆಯೂ ಗೊತ್ತು.

ಮೊದಲು ದೂರ. ಬ್ಲೂಟೂತ್ 100 ಮೀಟರ್ ಹೋಗುತ್ತದೆ ಅನ್ನುವುದು ಬಯಲಿನ ಮಾತು, ಎದುರೆದುರು ಹಿಡಿದಾಗಿನ ಮಾತು. ಅದು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಒದ್ದೆ ಸೋಗೆ, ಒದ್ದೆ ಮರ, ಮನುಷ್ಯನ ಮೈ ಎಲ್ಲವೂ ಅದಕ್ಕೆ ಗೋಡೆಯೇ. ಮಳೆಗಾಲದ ಅಡಿಕೆ ತೋಟದಲ್ಲಿ 40 ಮೀಟರ್ ಸಿಕ್ಕಿದರೆ ಪುಣ್ಯ ಅಂದುಕೊಳ್ಳಿ. ಒಂದೂವರೆ ಕಿಲೋಮೀಟರಿಗೆ 37-38 ಫೋನ್ ಬೇಕಾಯಿತು. ನಿಮ್ಮ ಹತ್ತಿರ ಇರುವುದು 14.

ಫೋನ್ ಸಿಕ್ಕಿದರೂ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಈ ಆ್ಯಪ್‌ಗಳಿಗೆ ದಾರಿ ಗೊತ್ತಿರುವುದಿಲ್ಲ. ಸುದ್ದಿ ಬಂದ ಕೂಡಲೇ ಅಕ್ಕಪಕ್ಕದ ಎಲ್ಲ ಫೋನಿಗೂ ಹೇಳುತ್ತವೆ, ಅವು ತಮ್ಮ ಅಕ್ಕಪಕ್ಕಕ್ಕೆ ಹೇಳುತ್ತವೆ. ಊರಲ್ಲಿ ಸುದ್ದಿ ಹಬ್ಬುವ ಥರವೇ. ಸುಮ್ನೆ ಬಿಟ್ಟರೆ ಅದೇ ಸುದ್ದಿ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಪ್ರತಿ ಸುದ್ದಿಗೂ ಒಂದು ಎಣಿಕೆ ಕಟ್ಟಿರುತ್ತಾರೆ. ಒಂದೊಂದು ಫೋನ್ ದಾಟಿದಾಗಲೂ ಒಂದು ಕಡಿಮೆ. ಸೊನ್ನೆ ಆದರೆ ಅಲ್ಲಿಗೆ ಮುಗಿಯಿತು. ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ 2025ರ ಜುಲೈನಲ್ಲಿ ಬಿಟ್ಟ ಬಿಟ್‌ಚಾಟ್‌ನಲ್ಲಿ ಈ ಎಣಿಕೆ 7. ನಿಮ್ಮ ತೋಟದಲ್ಲಿ 7 ಜಿಗಿತ ಅಂದರೆ 280 ಮೀಟರ್. ಸಂಕದ ಆಚೆಯಿಂದ ಈಚೆಗೂ ಮುಟ್ಟಲಿಲ್ಲ ನೋಡಿ.

ವೈಫೈ ಯಾಕಾಗಬಾರದು ಅಂತ ಯಾರಾದರೂ ಕೇಳುತ್ತಾರೆ, ಅದಕ್ಕೂ ಈಗಲೇ ಹೇಳಿಬಿಡುತ್ತೇನೆ. 2010ರಲ್ಲಿ ಹೈಟಿ ಭೂಕಂಪ ಆದಮೇಲೆ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಪಾಲ್ ಗಾರ್ಡ್ನರ್-ಸ್ಟೀಫನ್ ಇದನ್ನೇ ಮಾಡಲು ಹೊರಟರು. ಸರ್ವಲ್ ಅಂತ ಹೆಸರು. ಫೋನಿನ ವೈಫೈಯನ್ನೇ ಒಂದಕ್ಕೊಂದು ಕೊಂಡಿ ಹಾಕಿ, ಟವರ್ ಇಲ್ಲದೇ ಮಾತಾಡುವ ಹಾಗೆ ಮಾಡಿದರು. ಆದರೆ ಆಂಡ್ರಾಯ್ಡ್ ಆ ಕೊಂಡಿಗೆ ಸಲೀಸಾಗಿ ಬಿಡುವುದಿಲ್ಲ. ಫೋನ್ ರೂಟ್ ಮಾಡಬೇಕಿತ್ತು, ಅಂದರೆ ಕಂಪನಿ ಹಾಕಿದ ಬೀಗ ಒಡೆದು ಫೋನಿನ ಪೂರ್ತಿ ಹಿಡಿತ ತಗೊಳ್ಳಬೇಕಿತ್ತು. ರೂಟರ್ ಇಲ್ಲದೇ ಫೋನಿಗೆ ಫೋನ್ ಸೇರಿಸುವ ವೈಫೈ ಡೈರೆಕ್ಟ್ ಇದೆ ನಿಜ, ಆದರೆ ಅದರಲ್ಲಿ ಒಂದು ಫೋನ್ ಯಜಮಾನ, ಉಳಿದವು ಅದರ ಸುತ್ತ. ಸಾಲು ಕಟ್ಟಲು ಬರುವುದಿಲ್ಲ.

ಇನ್ನು ನಿಮ್ಮ ಹಳೇ ಫೋನ್. ಬಿಟ್‌ಚಾಟ್‌ಗೆ ಆಂಡ್ರಾಯ್ಡ್ 8 ಆದರೂ ಇರಬೇಕು. ಆಂಡ್ರಾಯ್ಡ್ 11ರವರೆಗಿನ ಫೋನುಗಳಲ್ಲಿ ಲೊಕೇಶನ್ ಆನ್ ಇಲ್ಲದಿದ್ದರೆ ಬ್ಲೂಟೂತ್ ಹುಡುಕಾಟವೇ ನಡೆಯುವುದಿಲ್ಲ, ಜನ ಇಲ್ಲೇ ಎಡವುವುದು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ 'ಅನ್‌ರಿಸ್ಟ್ರಿಕ್ಟೆಡ್' ಕೊಡಿ, ಇಲ್ಲದಿದ್ದರೆ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಫೋನೇ ಅದನ್ನು ಮಲಗಿಸುತ್ತದೆ.

ಒಂದು ಮಾತು. ನೀವು ಡೇರಿ ಅಂದಿರಿ. 11 ಮನೆಯವರೂ ದಿನಾ ಬರುತ್ತಾರಾ?

ಲೈಟ್‌ಕಂಬ

ಇಷ್ಟೆಲ್ಲ ಯಾಕೆ ಗುರು, ಸ್ಯಾಟಲೈಟ್ ಡಿಶ್ ಹಾಕಿಸಿ, ಯುಪಿಎಸ್ ಇಡಿ, ಮುಗೀತು.

ಸಂಕದಾಚೆ

@ಲೈಟ್‌ಕಂಬ, ದುಡ್ಡು ನೀವು ಕಳಿಸಿ, ಅಡಿಕೆ ಕೊನೆ ಕೊಯ್ದ ಮೇಲೆ ಕೊಡುತ್ತೇನೆ. ಡಿಶ್ ಒಬ್ಬರ ಮನೆಗೆ ಆಯಿತು. ಉಳಿದ 10 ಮನೆಗೆ ಅಲ್ಲಿಂದ ಸುದ್ದಿ ಹೋಗಬೇಕಲ್ಲ ಮಾರಾಯ್ರೆ, ಪ್ರಶ್ನೆ ಅದೇ.

@ಕೊಪ್ಪದ ಭಟ್ಟ, ನಿಮ್ಮ 40 ಮೀಟರ್ ಸುಳ್ಳಿರಬೇಕು ಅಂದುಕೊಂಡು ನಿನ್ನೆ ಸಂಜೆ ಅಳೆದೆ. ಹೆಂಡತಿ ಒಂದು ಫೋನ್ ಹಿಡಿದು ಜಗುಲಿಯಲ್ಲಿ ಕೂತಳು. ನಾನು ಇನ್ನೊಂದನ್ನು ಹಿಡಿದು ಹೆಜ್ಜೆ ಎಣಿಸುತ್ತಾ ಹೋದೆ. ಅಂಗಳದಲ್ಲಿ, ಮಧ್ಯೆ ಏನೂ ಇಲ್ಲದ ಕಡೆ, 90 ಹೆಜ್ಜೆಯವರೆಗೆ ಬಂತು. ತೋಟಕ್ಕೆ ಇಳಿದ ಮೇಲೆ 55ಕ್ಕೆ ನಿಂತಿತು. ಆಮೇಲೆ ಫೋನನ್ನು ಲುಂಗಿಯ ಸೊಂಟಕ್ಕೆ ಸಿಕ್ಕಿಸಿ, ಮನೆಗೆ ಬೆನ್ನು ಹಾಕಿ ನಡೆದೆ. 30 ಹೆಜ್ಜೆ! ತಿರುಗಿ ನಿಂತ ಕೂಡಲೇ ಟಣ್ ಅಂತ ಮೂರು ಮೆಸೇಜ್ ಒಟ್ಟಿಗೇ ಬಂದವು. ಮೂರನೆಯದು "ಸಾಕು ಬನ್ನಿ, ಮಳೆ ಬಂತು". ನನ್ನ ಹೊಟ್ಟೆಯೇ ಅಡ್ಡ ಅಂತ ಹೆಂಡತಿಗೆ ಈಗ ಗೊತ್ತಾಯಿತು.

ಡೇರಿಗೆ 9 ಮನೆಯವರು ದಿನಾ ಬೆಳಗ್ಗೆ ಆರೂವರೆಯಿಂದ ಏಳೂವರೆ ಒಳಗೆ ಬರುತ್ತಾರೆ. ಕರೆಂಟ್ ಹೋದರೂ, ಮಳೆ ಹೊಯ್ದರೂ, ಕಂಬಳಿಕೊಪ್ಪೆ ಹಾಕಿಕೊಂಡು. ಉಳಿದ ಎರಡು ಮನೆಯಲ್ಲಿ ದನ ಇಲ್ಲ, ಅವರು ಹಾಲು ಒಯ್ಯಲು ಬರುತ್ತಾರೆ.

ಕೊಪ್ಪದ ಭಟ್ಟ

ಹಾಗಾದರೆ ನಿಮ್ಮ ಟವರ್ ಡೇರಿಯೇ. ಮಾತಿಗೆ ಹೇಳುತ್ತಿಲ್ಲ, ಇದು ನಿಜಕ್ಕೂ ಒಂದು ವಿಧಾನ. ಫೋನ್ ಸುದ್ದಿಯನ್ನು ಇಟ್ಟುಕೊಳ್ಳುತ್ತದೆ, ಮನುಷ್ಯ ಹೊತ್ತುಕೊಂಡು ನಡೆಯುತ್ತಾನೆ, ಇನ್ನೊಂದು ಫೋನ್ ಎದುರಾದಾಗ ಕೊಡುತ್ತದೆ. ಬ್ರಯಾರ್ ಅನ್ನುವ ಆ್ಯಪ್ ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಅದರ ಗುಂಪಿನಲ್ಲಿ ಹಾಕಿದ ಸುದ್ದಿ, ಗುಂಪಿನವರ ಫೋನುಗಳು ಹತ್ತಿರ ಬಂದಾಗಲೆಲ್ಲ ಒಂದರಿಂದ ಒಂದಕ್ಕೆ ಹರಡುತ್ತದೆ. ಒಬ್ಬರಿಗೇ ಬರೆದದ್ದು ಮಾತ್ರ ಆ ಎರಡು ಫೋನ್ ಎದುರಾದಾಗಲೇ ಹೋಗುವುದು, ಮಧ್ಯೆ ಯಾರ ಕೈಗೂ ಕೊಡುವುದಿಲ್ಲ. ನಿಮ್ಮ ಒಂದೂವರೆ ಎಕರೆ ಹೆದರಿಕೆಗೆ ಅದೇ ಒಳ್ಳೆಯದು.

ತುಮಕೂರಿನ ದೇವರಾಯನದುರ್ಗದ ಕಡೆ ಜನಸ್ತು ಅನ್ನುವ ಸಂಸ್ಥೆಯವರು ಹಳ್ಳಿಯವರ ಜೊತೆ ಸೇರಿ ವೈಫೈ ರೂಟರುಗಳಿಂದ ಕೌಮೆಶ್ ಅಂತ ಊರಿನದೇ ಜಾಲ ಕಟ್ಟಿದ್ದಾರೆ. ರೂಟರಿಗೆ ಕರೆಂಟ್ ಬೇಕು, ನಿಮಗೆ ಅದೇ ಇಲ್ಲ. ಆದರೂ ಒಮ್ಮೆ ಹೋಗಿ ನೋಡುವಂಥದ್ದು.

ಕೀಲಿಕೈ

ಭಟ್ಟರು ಬ್ರಯಾರ್ ಅಂದರು, ಆದರೆ ಒಂದು ವಿಷಯ ಬಿಟ್ಟರು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಆ್ಯಪ್‌ಗಳನ್ನು ತಡೆಹಿಡಿಯಿತು. ಜಮ್ಮು ಕಾಶ್ಮೀರದಲ್ಲಿ ಉಗ್ರರು ಬಳಸುತ್ತಾರೆ ಅನ್ನುವುದು ಕಾರಣ. ಆ ಪಟ್ಟಿಯಲ್ಲಿ ಬ್ರಯಾರ್ ಇದೆ. ಎಲ್ಲಿಂದಲೋ ಎಪಿಕೆ (ಆ್ಯಪ್ ಹಾಕುವ ಫೈಲ್) ತಂದು 11 ಮನೆಯವರ ಫೋನಿಗೆ ಹಾಕಬೇಡಿ ಸಂಕದಾಚೆ ಅಣ್ಣ. ಅಂಗಡಿ ನಡೆಸುವವರು ನೀವು, ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರೂ ನೀವೇ. ಅಡಿಕೆ ತೋಟದ ಮಾತ್ರೆಗೂ ಕಾಶ್ಮೀರಕ್ಕೂ ಏನು ಸಂಬಂಧ ಅಂತ ನನಗೂ ಸಿಟ್ಟಿದೆ. ಆದರೂ ಬೇಡ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಪಕ್ಕದ ಮನೆಯವರು ಓದಬಹುದಾ? ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

ಎಲ್ಲ ಆ್ಯಪ್ ಒಂದೇ ಅಲ್ಲ. 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಜನ ಬೀದಿಗಿಳಿದಾಗ ಫೈರ್‌ಚಾಟ್ ಅನ್ನುವುದು ಎಲ್ಲರ ಫೋನಿಗೂ ಬಂತು. ಅದರಲ್ಲಿ ಮಾತೆಲ್ಲ ಬಹಿರಂಗ, ನಿಮ್ಮ ವಾಕಿಟಾಕಿಯ ಹಾಗೆ. 2019ರಲ್ಲಿ ಅದೇ ಊರಲ್ಲಿ ಬ್ರಿಡ್ಜ್‌ಫೈ ಓಡಿತು, ಆಮೇಲೆ ನಮ್ಮ ದೇಶದ ಪ್ರತಿಭಟನೆಗಳಲ್ಲೂ ಬಳಸಿದರು. 2020ರ ಆಗಸ್ಟ್‌ನಲ್ಲಿ ಲಂಡನ್ನಿನ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಅದನ್ನು ಬಿಚ್ಚಿ ನೋಡಿದರು. ಖಾಸಗಿ ಮೆಸೇಜ್ ಓದಬಹುದಿತ್ತು, ಬೇರೆಯವರ ಹೆಸರಲ್ಲಿ ಕಳಿಸಬಹುದಿತ್ತು, ಯಾರು ಯಾರ ಜೊತೆ ಮಾತಾಡುತ್ತಾರೆ ಅಂತ ಪತ್ತೆ ಮಾಡಬಹುದಿತ್ತು. ಬೇಕಂತಲೇ ತಯಾರಿಸಿದ ಒಂದೇ ಒಂದು ಮೆಸೇಜಿನಿಂದ ಇಡೀ ಜಾಲವನ್ನೇ ಬೀಳಿಸಬಹುದಿತ್ತು. ಬಿಚ್ಚಿದಾಗ ಹಿಗ್ಗಿ ಫೋನಿನ ಜಾಗವನ್ನೆಲ್ಲ ತುಂಬುವ ಹಾಗೆ ಒತ್ತಿ ಕಟ್ಟಿದ ಗಂಟು ಅದು. ಆಮೇಲೆ ಕಂಪನಿಯವರು ಸಿಗ್ನಲ್ ಅನ್ನುವ ಆ್ಯಪ್‌ನ ಬೀಗದ ವಿಧಾನಕ್ಕೆ ಬದಲಾಯಿಸಿಕೊಂಡರು. ಅಷ್ಟರಲ್ಲಿ ಅದನ್ನು ನಂಬಿ ಎಷ್ಟೋ ಜನ ಬೀದಿಗೆ ಹೋಗಿ ಬಂದಾಗಿತ್ತು.

ಬಿಟ್‌ಚಾಟ್‌ನಲ್ಲಿ ಒಬ್ಬರಿಗೇ ಬರೆದ ಸುದ್ದಿಗೆ ಬೀಗ ಇದೆ. ಮಧ್ಯದ ಫೋನು ಅಂಟಿಸಿದ ಲಕೋಟೆ ಒಯ್ಯುವ ಪೋಸ್ಟ್‌ಮನ್ ಅಷ್ಟೆ. ಆದರೆ ಬಿಟ್ಟ ಹೊಸದರಲ್ಲೇ ಒಬ್ಬ ಸಂಶೋಧಕರು, ಒಬ್ಬರು ಇನ್ನೊಬ್ಬರ ವೇಷ ಹಾಕಬಹುದು ಅಂತ ತೋರಿಸಿದರು. ಹೊರಗಿನವರು ಇನ್ನೂ ಪರೀಕ್ಷೆ ಮಾಡಿಲ್ಲ, ನಂಬಿ ಕೂರಬೇಡಿ ಅಂತ ಮಾಡಿದವರೇ ಆಗ ಎಚ್ಚರಿಕೆ ಹಾಕಿದ್ದರು. ಅದಕ್ಕೇ ಹೇಳುವುದು, ಹೆಸರು ನೋಡಿ ನಂಬಬೇಡಿ. ಇಬ್ಬರೂ ಎದುರಿಗೆ ಕೂತು, ಆ್ಯಪ್ ತೋರಿಸುವ ಗುರುತಿನ ಅಕ್ಷರಗಳನ್ನು ಒಂದು ಸಲ ತಾಳೆ ನೋಡಿ. ಚಿಕ್ಕಮ್ಮನ ಹತ್ತಿರ ಎರಡು ನಿಮಿಷ ಕೂತರೆ ಆಯಿತು.

ಇನ್ನೊಂದು ಇದೆ, ಇದಕ್ಕೆ ಯಾವ ಬೀಗವೂ ಇಲ್ಲ. ಲಕೋಟೆ ಒಳಗೆ ಏನಿದೆ ಅಂತ ಕಾಣದಿದ್ದರೂ ಲಕೋಟೆ ಹೋದದ್ದು ಕಾಣುತ್ತದೆ. 11 ಮನೆಯ ಊರಲ್ಲಿ, ರಾತ್ರಿ ಹತ್ತಕ್ಕೆ ಚಿಕ್ಕಮ್ಮನ ಮನೆ ಕಡೆಯಿಂದ ನಿಮ್ಮ ಕಡೆಗೆ ಎಂಟು ಸುದ್ದಿ ಓಡಿದರೆ, ಬೆಳಗ್ಗೆ ಡೇರಿಯಲ್ಲಿ "ಏನು ಮಾತುಕತೆ ಮುಂದುವರಿಯಿತಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಒಳಗಿನದು ಓದದೆಯೇ. ದೊಡ್ಡ ಊರಲ್ಲಿ ಗದ್ದಲದೊಳಗೆ ಇದು ಮುಚ್ಚಿಹೋಗುತ್ತದೆ. ಚಿಕ್ಕ ಜಾಲದಲ್ಲಿ ಹೋಗುವುದಿಲ್ಲ.

ಮಳೆಲೆಕ್ಕ

ಮಡಿಕೇರಿ ಕಡೆಯ ಕಾಫಿ ತೋಟದವನು ನಾನು. ದಿನಾ ಮಳೆ ಅಳೆದು ಬರೆದಿಡುವ ಚಟ, ಅದಕ್ಕೇ ಈ ಹೆಸರು. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡ ಕುಸಿದಾಗ, ಎದುರಿನ ಗುಡ್ಡದಲ್ಲಿ ಇದ್ದ ಅಣ್ಣನ ಮನೆಯವರು ಬದುಕಿದ್ದಾರೆ ಅಂತ ನಮಗೆ ಗೊತ್ತಾಗಿದ್ದು ಎರಡು ದಿನದ ಮೇಲೆ. ಅವರ ಮನೆಯ ದೀಪ ನಮ್ಮ ಅಂಗಳಕ್ಕೆ ಕಾಣುವಷ್ಟು ಹತ್ತಿರ. ಆ ರಾತ್ರಿ ದೀಪ ಇರಲಿಲ್ಲ.

ಆಮೇಲೆ ನಾನು ಹಿಡಿದ ದಾರಿ ಲೋರಾ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ. ಅಂಗೈಯಷ್ಟು ಬೋರ್ಡ್, ಅದಕ್ಕೊಂದು ಆಂಟೆನಾ. ಫೋನಿನಲ್ಲಿ ಟೈಪ್ ಮಾಡಿದ್ದನ್ನು ಬ್ಲೂಟೂತ್‌ನಲ್ಲಿ ಬೋರ್ಡಿಗೆ ಕೊಡುತ್ತೀರಿ, ಬೋರ್ಡ್ ರೇಡಿಯೋದಲ್ಲಿ ಎಸೆಯುತ್ತದೆ, ಆಚೆ ಬೋರ್ಡ್ ಹಿಡಿದು ಅಲ್ಲಿನ ಫೋನಿಗೆ ಕೊಡುತ್ತದೆ. ಅದರಲ್ಲಿ ಓಡುವ ಮೆಶ್‌ಟಾಸ್ಟಿಕ್ ಅನ್ನುವ ಸಾಫ್ಟ್‌ವೇರ್ ಉಚಿತ. ನನಗೆ ಒಂದು ಬೋರ್ಡಿಗೆ 2,800 ರೂಪಾಯಿ ಬಿತ್ತು. ಗುಡ್ಡದಿಂದ ಗುಡ್ಡಕ್ಕೆ, ಕಣ್ಣಿಗೆ ಕಾಣುವ ಜಾಗ ಆದರೆ, 4 ಕಿಲೋಮೀಟರ್ ಸಲೀಸು. ತೋಟದೊಳಗೆ ಇಳಿದರೆ 600-700 ಮೀಟರ್.

ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, 2005ರಿಂದಲೇ. ಆ್ಯಪ್‌ನಲ್ಲಿ ದೇಶ ಕೇಳಿದಾಗ ಇಂಡಿಯಾ ಅಂತಲೇ ಕೊಡಿ. ಬೋರ್ಡಿಗೆ ಇಟಿಎ, ಅಂದರೆ ರೇಡಿಯೋ ಸಾಧನಕ್ಕೆ ಸರ್ಕಾರ ಕೊಡುವ ಅನುಮತಿ, ಇದೆಯಾ ಅಂತ ಮಾರುವವರನ್ನು ಕೇಳಿ ತಗೊಳ್ಳಿ. ಆಂಟೆನಾ ಸಿಕ್ಕಿಸದೇ ಆನ್ ಮಾಡಬೇಡಿ, ರೇಡಿಯೋ ಸುಟ್ಟು ಹೋಗುತ್ತದೆ. ನಾನು ಒಂದನ್ನು ಹೀಗೇ ಕೊಂದೆ. ಮೊದಲೇ ಬರುವ ಚಾನೆಲ್ಲಿನ ಕೀಲಿ ಲೋಕಕ್ಕೆಲ್ಲ ಗೊತ್ತು, ಅದನ್ನು ಬದಲಾಯಿಸಿ. ನನಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೂಡ ಇದೆ, ಆದರೆ ಹ್ಯಾಮಿನಲ್ಲಿ ಗುಟ್ಟು ಮಾಡುವ ಹಾಗಿಲ್ಲ, ಎಲ್ಲ ಬಿಚ್ಚಿ ಹೇಳಬೇಕು. ನಿಮ್ಮ ಚಿಕ್ಕಮ್ಮನಿಗೆ ಆಗಿಬರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಂದರೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಒಂದು ಸುದ್ದಿಗೆ ಸುಮಾರು 200 ಬೈಟ್ ಜಾಗ. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಗುರುತಿಗೂ, ಒತ್ತಿಗೆ ಹಾಕುವ ವಿರಾಮಕ್ಕೂ ಮೂರು ಮೂರು ಬೈಟ್. 'ಮಾತ್ರೆ'ಯಲ್ಲಿ ಬರುವ 'ತ್ರೆ' ಒಂದೇ 12 ಬೈಟ್ ತಿನ್ನುತ್ತದೆ. ತ, ವಿರಾಮ, ರ, ಎತ್ವ. "ಅಪ್ಪನಿಗೆ ಮಾತ್ರೆ ಬೇಕು" ಅಂದರೆ 56 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 19. ಒಂದು ತುಂಬಿದ ಸುದ್ದಿ ಗಾಳಿಯಲ್ಲಿ ದಾಟಲು 2 ಸೆಕೆಂಡ್ ಹಿಡಿಯುತ್ತದೆ, ಅಷ್ಟು ಹೊತ್ತು ಬೇರೆಯವರು ಸುಮ್ಮನಿರಬೇಕು. ನಮ್ಮ ಅತ್ತೆ ಒಂದು ಸಲ "ಚೆನ್ನಾಗಿದ್ದೀರಾ" ಅಂತ ಶುರು ಮಾಡಿ ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸುವಷ್ಟರಲ್ಲಿ ಜಾಗ ಮುಗಿದು, ಹೇಳಬೇಕಾದ ಸುದ್ದಿಯೇ ಉಳಿದುಹೋಯಿತು. ಈಗ ನಾವು ಚುಟುಕು ಮಾಡಿಕೊಂಡಿದ್ದೇವೆ. 'ಕ1' ಅಂದರೆ ಎಲ್ಲ ಕ್ಷೇಮ. 'ಕ2' ಅಂದರೆ ಬನ್ನಿ. 'ಕ3' ಅಂದರೆ ಓಡಿ ಬನ್ನಿ.

ಸಂಕದಾಚೆ

ತಡವಾಯಿತು, ಐದು ವಾರ. ಮೈಲುತುತ್ತದ ಔಷಧಿ ಹೊಡೆಸುವ ಗಡಿಬಿಡಿ ಇತ್ತು. ಏನೇನಾಯಿತು ಅಂತ ಹೇಳುತ್ತೇನೆ.

ಹಳೇ ಫೋನಿನ ಸಾಲು ಬಿಟ್ಟೆ. ಅದಕ್ಕೆ ಭಟ್ಟರ ಲೆಕ್ಕ ಒಂದು ಕಾರಣ, ನನ್ನ ಕಸುಬಿನದು ಇನ್ನೊಂದು. ಇಪ್ಪತ್ತನಾಲ್ಕು ಗಂಟೆ ಪವರ್‌ಬ್ಯಾಂಕಿಗೆ ಸಿಕ್ಕಿಸಿಟ್ಟ ಫೋನಿನ ಬ್ಯಾಟರಿ ಎಂಟೇ ದಿನಕ್ಕೆ ಪೂರಿಯ ಹಾಗೆ ಉಬ್ಬಿ ಬೆನ್ನ ಮುಚ್ಚಳ ಎದ್ದಿತು. ಅದೂ ಕೊಟ್ಟಿಗೆಯಲ್ಲಿ, ಒಣ ಹುಲ್ಲಿನ ಪಕ್ಕ. ದಿನಾ ಇಂಥ ಬ್ಯಾಟರಿ ತೆಗೆಯುವವನು ನಾನೇ, ಗೊತ್ತಿದ್ದೂ ಇಟ್ಟೆ. ಎರಡು ಫೋನ್ ಮಾತ್ರ ಡೇರಿಯಲ್ಲಿ ಉಳಿಸಿದ್ದೇನೆ, ಬೆಳಗ್ಗೆ ಆನ್, ಹಾಲು ಮುಗಿದ ಮೇಲೆ ಆಫ್.

ಬಿಟ್‌ಚಾಟ್ ಎಲ್ಲರಿಗೂ ಹಾಕಿಕೊಟ್ಟೆ. ಡೇರಿಯ ಸುತ್ತಮುತ್ತ ಚೆನ್ನಾಗಿ ನಡೆಯುತ್ತದೆ. ಮೊದಲ ವಾರವೇ ಒಂದು ಪಜೀತಿ. ಒಬ್ಬ ಹುಡುಗ, ಯಾರ ಮನೆಯವನು ಅಂತ ಹೇಳುವುದಿಲ್ಲ, ತನ್ನ ಹೆಸರನ್ನು 'ಡೇರಿ' ಅಂತ ಬದಲಾಯಿಸಿ, ಎಲ್ಲರಿಗೂ ಕಾಣುವ ಕಡೆ "ನಾಳೆ ಲಾರಿ ಬರುವುದಿಲ್ಲ, ಹಾಲು ತರಬೇಡಿ" ಅಂತ ಹಾಕಿದ. ಮಾರನೇ ದಿನ ಲಾರಿ ಬಂತು. ಐದು ಮನೆಯವರು ಹಾಲು ತರಲಿಲ್ಲ. ಅವತ್ತು ಐದೂ ಮನೆಯಲ್ಲಿ ಹಾಲು ಕಾಯಿಸಿ ಕಾಯಿಸಿ ಹೆಪ್ಪು ಹಾಕಿದರು, ಮೂರು ದಿನ ಮಜ್ಜಿಗೆಯೋ ಮಜ್ಜಿಗೆ. ಕೀಲಿಕೈ ತಂಗಿ ಹೇಳಿದಾಗ ಗುರುತು ತಾಳೆ ನೋಡುವುದು ಸುಮ್ನೆ ಶಾಸ್ತ್ರ ಅಂದುಕೊಂಡಿದ್ದೆ. ಈಗ ಡೇರಿ ಬೆಂಚಿನ ಮೇಲೆ ಜೋಡಿ ಜೋಡಿಯಾಗಿ ಕೂರಿಸಿ ನೋಡಿಸಿದ್ದೇನೆ. ಡೇರಿ ಸೆಕ್ರೆಟರಿ ಅಂತೂ ಕನ್ನಡಕ ಏರಿಸಿಕೊಂಡು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದರು.

ದೂರಕ್ಕೆ ಲೋರಾ. ಸದ್ಯಕ್ಕೆ ಐದು ಬೋರ್ಡ್. ನಮ್ಮ ಮನೆ, ಚಿಕ್ಕಪ್ಪನ ಮನೆ, ಸಂಕದ ಈಚೆ ಮನೆ, ಡೇರಿ, ಮತ್ತೊಂದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಕಂಬಕ್ಕೆ. ಬೋರ್ಡಿಗೆ ಒಂದು ಸಲಕ್ಕೆ ಒಂದೇ ಫೋನ್ ಸೇರುತ್ತದೆ, ಹಾಗಾಗಿ ಡೇರಿ ಬೋರ್ಡಿಗೆ ಬಂದದ್ದನ್ನು ಸೆಕ್ರೆಟರಿ ಓದಿ ಹೇಳಬೇಕು. ಅಂದರೆ ಅಲ್ಲಿ ಗುಟ್ಟಿಲ್ಲ. ಗುಟ್ಟು ಬೇಕಾದವರು ಸ್ವಂತ ಬೋರ್ಡ್ ತಗೊಳ್ಳಬೇಕು ಅಂತ ಹೇಳಿದ್ದೇನೆ. ಮೂರು ಮನೆಯವರು "ನಮ್ಮದೇನು ಗುಟ್ಟು ಮಾರಾಯ, ಓದಲಿ ಬಿಡು" ಅಂದರು. ಚಿಕ್ಕಮ್ಮ ಅವತ್ತೇ ದುಡ್ಡು ಕೊಟ್ಟರು.

ಟ್ಯಾಂಕಿನ ಬೋರ್ಡ್ ಇಲ್ಲದಿದ್ದರೆ ನಮ್ಮ ಮನೆಯಿಂದ ಡೇರಿಗೆ ಮುಟ್ಟುವುದಿಲ್ಲ, ಧರೆ ಅಡ್ಡ. ಅದು ಇದ್ದರೆ ಮೂರ್ನಾಲ್ಕು ಸೆಕೆಂಡಿಗೆ ಹೋಗುತ್ತದೆ. ಮೊನ್ನೆ ಮಂಗಳವಾರದಿಂದ ಗುರುವಾರದವರೆಗೆ ಕರೆಂಟ್ ಇರಲಿಲ್ಲ, ಟವರ್ ಮಂಗಳವಾರ ರಾತ್ರಿಯೇ ಹೋಯಿತು. ಆ ಎರಡು ದಿನದಲ್ಲಿ ಒಟ್ಟು 31 ಸುದ್ದಿ ಓಡಿದವು. ಜಾಸ್ತಿ ಬಂದದ್ದು ಯಾವುದು ಗೊತ್ತಾ, "ಕರೆಂಟ್ ಬಂತಾ?" ಅನ್ನುವುದು. ಒಂದು ಸುದ್ದಿ ಅಪ್ಪನ ಮಾತ್ರೆಯದು. ಸಂಕದ ಈಚೆ ಮನೆಯ ಅಣ್ಣ ಪೇಟೆಯಿಂದ ತಂದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸಂಕದ ಕೈಹಿಡಿ ತಂತಿಗೆ ಕಟ್ಟಿ ಹೋಗಿದ್ದರು. ನಾನು ಹೋಗಿ ಬಿಚ್ಚಿಕೊಂಡು ಬಂದೆ.

ಈಗ ಒಂದು ತೊಂದರೆ ಉಳಿದಿದೆ. ಟ್ಯಾಂಕಿನ ಬೋರ್ಡ್ ಶುಕ್ರವಾರ ಬೆಳಗ್ಗೆ ಸತ್ತಿತು. ಹತ್ತಿ ನೋಡಿದರೆ ಪೆಟ್ಟಿಗೆ ತುಂಬಾ ಕಟ್ಟಿರುವೆ, ಮೊಟ್ಟೆ ಸಮೇತ ಸಂಸಾರ ಹೂಡಿವೆ. ಬೋರ್ಡ್ ಬೆಚ್ಚಗಿರುತ್ತದಲ್ಲ. ಸೋಲಾರಿನ ತಂತಿ ಒಳಗೆ ಹೋಗುವ ತೂತಿನಿಂದ ಬಂದಿವೆ. ಒರೆಸಿ, ಒಣಗಿಸಿ ಮತ್ತೆ ಆನ್ ಮಾಡಿದೆ, ಸದ್ಯ ನಡೆಯುತ್ತಿದೆ. ಇದಕ್ಕೆ ಏನು ಮಾಡುತ್ತೀರಿ ಕೊಡಗಿನವರು?

ಮಳೆಲೆಕ್ಕ

ತೂತು ಪೆಟ್ಟಿಗೆಯ ತಳದಲ್ಲಿ ಇರಲಿ, ಪಕ್ಕದಲ್ಲಿ ಬೇಡ. ತಂತಿ ತೂರಿಸಿದ ಮೇಲೆ ಎಂ-ಸೀಲ್ ಮೆತ್ತಿ. ಪೆಟ್ಟಿಗೆಯಿಂದ ಒಂದು ಅಡಿ ಕೆಳಗೆ ಕಂಬದ ಸುತ್ತ ಗ್ರೀಸ್ ಬಳಿಯಿರಿ, ನಾಲ್ಕು ಬೆರಳು ಅಗಲ. ಸೋಲಾರಿನ ತಂತಿಗೂ ಬಳಿಯಿರಿ, ಅವು ಅದರ ಮೇಲೂ ನಡೆದು ಬರುತ್ತವೆ. ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕು. ಎಲೆ, ಕಸ ಅಂಟಿಕೊಂಡು ಅದೇ ಸೇತುವೆ ಆಗುತ್ತದೆ.

ಸಂಕದಾಚೆ

ಗ್ರೀಸ್ ಪಂಪ್‌ಶೆಡ್ಡಿನಲ್ಲೇ ಇದೆ. ಮಳೆ ಬಿಟ್ಟರೆ ಭಾನುವಾರ ಹತ್ತುತ್ತೇನೆ.